ಮಜ್ಜಿಗೆಗೆ ಮೊದಲು ಎದ್ದವರು

ನಾನು ಕುಳಿತಿದ್ದ ಊಟದಿಂದ ಮಜ್ಜಿಗೆಗೆ ಮೊದಲೇ ಇಬ್ಬರು ಎದ್ದುಹೋಗಿದ್ದಾರೆ. ಮೊದಲನೆಯವಳು ನನ್ನ ಅಮ್ಮ, ಮಂಗಳೂರಿನ ಬಾಡಿಗೆ ಮನೆಯಲ್ಲಿ. ಎರಡನೆಯವಳು ನನ್ನ ಮಗಳು ಇಳಾ, ಜರ್ಮನಿಯ ಬೊಬ್ಲಿಂಗೆನ್‌ನ ಮೂರನೇ ಮಹಡಿಯಲ್ಲಿ. ಇಬ್ಬರನ್ನೂ ಎಬ್ಬಿಸಿದವಳು ನಾನೇ. ಅಮ್ಮ ಈಗ ಇಲ್ಲ. ಇಳಾ ಇದ್ದಾಳೆ, ಹಬ್ಬಕ್ಕೆ ಹಾರೈಕೆ ಕಳಿಸುತ್ತಾಳೆ, ಕೇಳಿದ್ದಕ್ಕೆ ಉತ್ತರ ಕೊಡುತ್ತಾಳೆ. ಆದರೆ ಕೇಳದೆ ತಾನಾಗಿ ನನಗೆ ಒಂದು ಮಾತು ಹೇಳಿ ಎಂಟು ವರ್ಷವಾಯಿತು. ಇದು ಹೇಗಾಯಿತೆಂದು ಕ್ರಮವಾಗಿ ಬರೆಯಬೇಕು. ಕ್ರಮವಾಗಿ ಬರೆಯುವುದು ನನಗೆ ಬರುತ್ತದೆ. ಬರುವುದು ಅದೊಂದೇ ಎಂದು ನನ್ನ ಗಂಡ ಹೇಳುವುದುಂಟು.

ಮಂಗಳೂರಿನ ಮನೆ ರೈಲುಡಬ್ಬಿಯ ಹಾಗೆ ಒಂದರ ಹಿಂದೆ ಒಂದರಂತೆ ಮೂರು ಕೋಣೆಗಳದ್ದು. ಮುಂದಿನ ಕೋಣೆ ಅಪ್ಪನದು. ಅಪ್ಪ ಹೈಸ್ಕೂಲಿನಲ್ಲಿ ಭೂಗೋಳ ಮತ್ತು ಇಂಗ್ಲಿಷ್ ಕಲಿಸುತ್ತಿದ್ದರು. ಆ ಕೋಣೆಯಲ್ಲಿ ಒಂದು ಮೇಜು, ಒಂದು ಕುರ್ಚಿ, ಗೋಡೆಯ ತುಂಬ ಅಮೆರಿಕ ಸಂಯುಕ್ತ ಸಂಸ್ಥಾನದ ಒಂದು ನಕ್ಷೆ. ಯಾವುದೋ ಅಮೆರಿಕನ್ ಗ್ರಂಥಾಲಯದವರು ಶಾಲೆಗಳಿಗೆ ಹಂಚಿದ ನಕ್ಷೆ ಅದು. ಹೆಡ್‌ಮಾಸ್ತರರಿಗೆ ಬೇಡವಾಗಿ ನಮ್ಮ ಮನೆಗೆ ಬಂದಿತ್ತು. ನಮ್ಮ ಮನೆಯಲ್ಲಿ ಭಾರತದ ನಕ್ಷೆ ಇರಲಿಲ್ಲ, ಕರ್ನಾಟಕದ್ದೂ ಇರಲಿಲ್ಲ. ಹಾಗಾಗಿ ಕಾವೇರಿ ಎಲ್ಲಿ ಹುಟ್ಟುತ್ತದೆಂದು ತಿಳಿಯುವ ಮೊದಲೇ ಮಿಸೌರಿ ಎಲ್ಲಿ ಹುಟ್ಟುತ್ತದೆಂದು ನಾನು ಮತ್ತು ತಮ್ಮ ರಘು ಕಲಿತೆವು. ನಡುವಿನ ಕೋಣೆಯಲ್ಲಿ ಊಟ, ಓದು, ನಿದ್ದೆ. ಹಿಂದಿನದು ಅಡುಗೆಮನೆ, ಅದರ ಹಿಂಬದಿಗೆ ಅರ್ಧ ಗೋಡೆ. ಗೋಡೆಯ ಆಚೆ ಪಕ್ಕದ ಮನೆಯ ಹಿತ್ತಿಲು. ಬೆಳಿಗ್ಗೆ ಐದಕ್ಕೆ ಅಪ್ಪ ಕಂಚಿನ ತಟ್ಟೆಯ ಮೇಲೆ ಸೌಟಿನಿಂದ ಎರಡು ಪೆಟ್ಟು ಹೊಡೆಯುತ್ತಿದ್ದರು. ಐದೂಕಾಲಕ್ಕೆ ಸ್ಲೇಟಿನ ಮೇಲೆ ನೋಡದೆ ನಕ್ಷೆ ಬಿಡಿಸಬೇಕು. ಆರಕ್ಕೆ ಸ್ನಾನ, ಆರೂವರೆಗೆ ಗಂಜಿ. ಸಂಜೆ ಏಳಕ್ಕೆ ಊಟ. ಒಂದು ನಿಮಿಷ ತಡವಾದರೆ ಅಪ್ಪ ಬೈಯುತ್ತಿರಲಿಲ್ಲ, ಗಡಿಯಾರದ ಕಡೆ ನೋಡುತ್ತಿದ್ದರು. ಬೈಗುಳವನ್ನು ನಾವು ಸಹಿಸಿಕೊಳ್ಳುತ್ತಿದ್ದೆವೇನೋ. ಆ ನೋಟವನ್ನು ಸಹಿಸುವುದು ಕಷ್ಟವಿತ್ತು.

ಏಳರ ಊಟಕ್ಕೆ ಒಂದು ನಿಯಮವಿತ್ತು. ಮಣೆಯ ಮೇಲೆ ಕುಳಿತಲ್ಲಿಂದ ಕೈ ತೊಳೆಯುವವರೆಗೆ ಇಂಗ್ಲಿಷ್ ಮಾತ್ರ. ಇದಕ್ಕಾಗಿ ಅಪ್ಪ ಹಲಸಿನ ಮರದ ಒಂದು ಬಿಲ್ಲೆ ಮಾಡಿಸಿದ್ದರು. ರೂಪಾಯಿಗಿಂತ ದೊಡ್ಡದು, ಅಂಗೈಗಿಂತ ಚಿಕ್ಕದು, ಮೇಲೆ ಏನೂ ಬರೆದಿರಲಿಲ್ಲ. ಕನ್ನಡದ ಒಂದು ಮಾತು ಬಾಯಿಂದ ಬಿದ್ದರೆ ಬಿಲ್ಲೆ ಅವರ ಮಣೆಯ ಮುಂದೆ. ಇನ್ನೊಬ್ಬರು ತಪ್ಪಿದರೆ ಅವರ ಮುಂದೆ. ಸಾರಿನ ಅನ್ನ ಮುಗಿಯುವಾಗ ಬಿಲ್ಲೆ ಯಾರ ಮುಂದಿರುತ್ತದೋ ಅವರಿಗೆ ಆ ದಿನ ಮಜ್ಜಿಗೆ ಇಲ್ಲ. ಇದು ಸಣ್ಣ ಶಿಕ್ಷೆ ಎಂದು ಬೇರೆಯವರಿಗೆ ಅನಿಸೀತು. ನಮ್ಮ ಕಡೆಯವರಿಗೆ ಗೊತ್ತು: ಕೊನೆಯ ಎರಡು ತುತ್ತು ಮಜ್ಜಿಗೆ ಅನ್ನ ಹೊಟ್ಟೆಗೆ ಹೋಗದಿದ್ದರೆ ಹಬ್ಬದಡುಗೆಯೂ ಊಟವಲ್ಲ. ನಿಮ್ಮನ್ನು ಊಟದ ನಡುವೆ ಎಬ್ಬಿಸಿ ಕಳಿಸಿದ ಹಾಗೆ. ಬಿಲ್ಲೆಯನ್ನು ದಾಟಿಸುವ ಕೆಲಸ ನನ್ನದು. ನಾನು ಲೀಡರ್. ಅಪ್ಪ ನನ್ನ ಕಡೆ ನೋಡಿ ಎರಡೇ ಮಾತು ಹೇಳುತ್ತಿದ್ದರು.

“ಪಾಸ್ ಇಟ್.”

ಅಪ್ಪ ಹೇಳುವ ಮೊದಲೇ ಬಿಲ್ಲೆ ಹೊರಟಿರುತ್ತಿತ್ತು. ಅಷ್ಟು ಚುರುಕು ನಾನು. ರಘು ವಾರಕ್ಕೆ ನಾಲ್ಕು ದಿನ ಮಜ್ಜಿಗೆ ಇಲ್ಲದೆ ಊಟ ಮುಗಿಸುತ್ತಿದ್ದ. ಉಪ್ಪಿನಕಾಯಿ ಖಾರವಾದರೆ ಅವನ ಬಾಯಿಂದ “ಅಯ್ಯಮ್ಮಾ” ಬಂದೇಬರುತ್ತಿತ್ತು. ಬೆಳಿಗ್ಗೆ ಸ್ಲೇಟು ಒರೆಸುವಾಗ ಅವನು ನನ್ನ ಕಿವಿಯ ಹತ್ತಿರ ಬಂದು ಹೇಳುತ್ತಿದ್ದ:

“ನೀನು ದೊಡ್ಡವಳಾದ ಮೇಲೆ ಪೊಲೀಸ್ ಸೇರು ಅಕ್ಕ. ಕಳ್ಳರು ಮಜ್ಜಿಗೆ ಇಲ್ಲದೆ ಸಾಯ್ತಾರೆ.”

ಅಮ್ಮ ಓದಿದ್ದು ನಾಲ್ಕನೇ ತರಗತಿ, ಕನ್ನಡ ಶಾಲೆಯಲ್ಲಿ. ಅವಳಿಗೆ ಇಂಗ್ಲಿಷಿನ ನಾಲ್ಕು ಶಬ್ದ ಗೊತ್ತಿತ್ತು: ಯೆಸ್, ನೋ, ರೈಸ್, ಫಿನಿಶ್. ಈ ನಾಲ್ಕರಲ್ಲಿ ಅವಳು ಎರಡು ವರ್ಷ ನಮ್ಮ ಜೊತೆ ಕುಳಿತು ಉಂಡಳು. ಅಪ್ಪ ಪ್ರಶ್ನೆ ಕೇಳುತ್ತಿದ್ದರು, ನಾವು ಉತ್ತರ ಹೇಳುತ್ತಿದ್ದೆವು. ಮಿಸಿಸಿಪ್ಪಿಗೆ ಸೇರುವ ನದಿಗಳು ಯಾವುವು, ಹತ್ತಿ ಬೆಳೆಯುವ ಸಂಸ್ಥಾನಗಳು ಯಾವುವು. ಅಮ್ಮ ಒಬ್ಬರ ಮುಖದಿಂದ ಒಬ್ಬರ ಮುಖಕ್ಕೆ ನೋಡುತ್ತಿದ್ದಳು. ಪಕ್ಕದ ಹಿತ್ತಿಲಿನಲ್ಲಿ ಮಕ್ಕಳ ಚೆಂಡಾಟ ನೋಡುವಾಗಲೂ ಹಾಗೆಯೇ ನೋಡುತ್ತಿದ್ದಳು.

ಎರಡನೇ ವರ್ಷದ ಮಳೆಗಾಲದಲ್ಲಿ ನೇತ್ರಾವತಿಗೆ ನೆರೆ ಬಂತು. ಅಮ್ಮನ ತವರು ಹೊಳೆಯ ದಡದಲ್ಲೇ ಇತ್ತು. ಅಂಗಳಕ್ಕೆ ನೀರು ಬಂದಿದೆ ಎಂದು ಮಧ್ಯಾಹ್ನ ಯಾರೋ ಹೇಳಿಹೋಗಿದ್ದರು. ಸಂಜೆ ಊಟದಲ್ಲಿ ಅಪ್ಪ ನನ್ನನ್ನು ಕೇಳಿದ್ದು ಮಿಸಿಸಿಪ್ಪಿಯ ಉಪನದಿಗಳನ್ನು. ನಾನು ಓಹಾಯೋ, ಮಿಸೌರಿ, ಆರ್ಕನ್ಸಾ, ರೆಡ್ ಎಂದು ಉಸಿರು ಬಿಡದೆ ಹೇಳಿ ಮುಗಿಸಿದೆ. ಅಮ್ಮನಿಗೆ ಅದರಲ್ಲಿ ಏನು ಅರ್ಥವಾಯಿತೋ, ಹೊಳೆಯ ಮಾತು ಎಂಬುದಂತೂ ಆಗಿರಬೇಕು. ಅವಳು ಕೈಯಲ್ಲಿದ್ದ ತುತ್ತನ್ನು ಎಲೆಯ ಮೇಲೆ ಇಟ್ಟು ನನ್ನ ಕಡೆ ತಿರುಗಿದಳು.

“ಈ ಮಿಸಿಸಿಪ್ಪಿ ನಮ್ಮ ಹೊಳೆಗಿಂತ ದೊಡ್ಡದುಂಟಾ ಮಗಾ? ಅಲ್ಲಿಯೂ ನೀರು ಮನೆಯೊಳಗೆ ಬರ್ತದಾ?”

ಎರಡು ವರ್ಷದಲ್ಲಿ ಆ ಊಟದಲ್ಲಿ ಅವಳು ಕೇಳಿದ ಮೊದಲ ಪ್ರಶ್ನೆ ಅದು. ಒಳ್ಳೆಯ ಪ್ರಶ್ನೆ. ಮುಂದೆ ಊರಿನಲ್ಲೂ ಜರ್ಮನಿಯಲ್ಲೂ ಸೇರಿ ಇಪ್ಪತ್ತೈದು ವರ್ಷ ಭೂಗೋಳ ಪಾಠ ಮಾಡುವಾಗ ಯಾವ ವಿದ್ಯಾರ್ಥಿಯೂ ನನಗೆ ಅಷ್ಟು ಒಳ್ಳೆಯ ಪ್ರಶ್ನೆ ಕೇಳಿಲ್ಲ. ನನಗೆ ಉತ್ತರವೂ ಗೊತ್ತಿತ್ತು. ನಾನು ರಘುವಿನ ಮುಂದಿದ್ದ ಬಿಲ್ಲೆಯನ್ನು ತೆಗೆದು ಅಮ್ಮನ ಎಲೆಯ ಪಕ್ಕದಲ್ಲಿ ಇಟ್ಟೆ. ಅಪ್ಪ ಹೇಳಿರಲಿಲ್ಲ. ನಾನೇ ಇಟ್ಟೆ. ಅಪ್ಪ ಒಂದು ಕ್ಷಣ ತಡೆದು, ಆಮೇಲೆ ಸರಿ ಎಂಬಂತೆ ತಲೆಯಾಡಿಸಿದರು. ಅಮ್ಮ ಬಿಲ್ಲೆಯನ್ನು ನೋಡಿದಳು, ನನ್ನನ್ನು ನೋಡಿದಳು. “ಫಿನಿಶ್” ಎಂದಳು. ಎದ್ದು ಅಡುಗೆಮನೆಗೆ ಹೋದಳು. ಮಜ್ಜಿಗೆಯನ್ನು ಅವಳೇ ತಂದು ನಮ್ಮ ಮೂವರಿಗೂ ಬಡಿಸಿದಳು. ಆ ದಿನದ ಮಜ್ಜಿಗೆ ರಘುವಿಗೆ ಸಿಕ್ಕಿತು; ಅವನು ಕುಡಿಯಲಿಲ್ಲ.

ಮರುದಿನದಿಂದ ಅಮ್ಮ ನಮ್ಮ ಜೊತೆ ಕೂರಲಿಲ್ಲ. ಬಡಿಸುವವರಿಗೆ ನಿಯಮ ಅನ್ವಯಿಸುವುದಿಲ್ಲ. ಮಾತಾಡುವ ಅಗತ್ಯವೇ ಇಲ್ಲದ ಕೆಲಸ ಅದು. ನಮ್ಮ ಊಟವಾದ ಮೇಲೆ ಅವಳು ಅಡುಗೆಮನೆಯಲ್ಲಿ ಒಬ್ಬಳೇ ಉಣ್ಣುತ್ತಿದ್ದಳು. ಅರ್ಧ ಗೋಡೆಯ ಆಚೆಯಿಂದ ಪಕ್ಕದ ಮನೆಯ ಹೆಂಗಸು ಮಾತಿಗೆ ಬರುತ್ತಿದ್ದಳು. ನಡುವಿನ ಕೋಣೆಯಲ್ಲಿ ಲೆಕ್ಕ ಬಿಡಿಸುತ್ತ ಕುಳಿತ ನನಗೆ ಅಮ್ಮ ನಗುವುದು ಕೇಳುತ್ತಿತ್ತು. ಬಾಯಿತುಂಬ ನಗು. ಅವಳು ಅಷ್ಟು ಮಾತುಗಾರಳು ಎಂದು ನನಗೆ ಗೊತ್ತೇ ಇರಲಿಲ್ಲ. ಏನು ಮಾತು, ಯಾಕೆ ನಗು ಎಂದು ಎದ್ದುಹೋಗಿ ಕೇಳಬಹುದಿತ್ತು. ಅದು ಓದಿನ ಸಮಯ, ಎದ್ದುಹೋಗುವ ಸಮಯವಲ್ಲ. ನಾನು ಕಾಲೇಜಿನ ಕೊನೆಯ ವರ್ಷದಲ್ಲಿದ್ದಾಗ ಅಮ್ಮ ತೀರಿಕೊಂಡಳು. ಹದಿಮೂರನೇ ದಿನ ಪಕ್ಕದ ಮನೆಯ ಹೆಂಗಸು ಅಮ್ಮನ ಬಗ್ಗೆ ಒಂದು ಗಂಟೆ ಮಾತಾಡಿದಳು. ಅದರಲ್ಲಿ ಒಂದು ಸಂಗತಿಯೂ ನನಗೆ ಮೊದಲು ಗೊತ್ತಿರಲಿಲ್ಲ.

ಇಳಾ ನನಗೆ ನಲವತ್ತರಲ್ಲಿ ಹುಟ್ಟಿದವಳು. ಅವಳಿಗೆ ಎಂಟು ವರ್ಷವಾದಾಗ ನನ್ನ ಗಂಡ ಶ್ರೀಧರನಿಗೆ ಬ್ಲೂ ಕಾರ್ಡ್ ಎಂಬ ಕೆಲಸದ ವೀಸಾ ಸಿಕ್ಕಿತು. ಜರ್ಮನಿ ಹೊರಗಿನ ಎಂಜಿನಿಯರುಗಳನ್ನು ಕೈಬೀಸಿ ಕರೆಯುತ್ತಿದ್ದ ಮೊದಲ ವರ್ಷಗಳು ಅವು. ಬೊಬ್ಲಿಂಗೆನ್ ಸುತ್ತಮುತ್ತ ಕಾರುಗಳ, ಕಂಪ್ಯೂಟರುಗಳ ಕೆಲಸ. ಉಡುಪಿ ಮಂಗಳೂರಿನ ಹತ್ತು ಹದಿನೈದು ಮನೆಗಳು ಆಗಲೇ ಇದ್ದವು. ಇಳಾ ಎರಡು ವರ್ಷ ಜರ್ಮನ್ ಶಾಲೆಗೆ ಹೋದಳು, ಆರು ತಿಂಗಳಲ್ಲಿ ಆ ಭಾಷೆಯಲ್ಲಿ ಜಗಳವಾಡುವಷ್ಟು ಕಲಿತಳು. ಆಮೇಲೆ ನನಗೆ ಊರ ಹೊರಗಿನ ಒಂದು ಖಾಸಗಿ ಶಾಲೆಯಲ್ಲಿ ಕೆಲಸ ಸಿಕ್ಕಿತು. ಅಮೆರಿಕದ ಪಠ್ಯಕ್ರಮದ ಶಾಲೆ ಅದು. ಕಂಪನಿಗಳ ಕೆಲಸಕ್ಕೆಂದು ಬಂದವರ ಮಕ್ಕಳೇ ಹೆಚ್ಚು. ಎಂಟನೆಯವರಿಗೆ ಅಮೆರಿಕದ ಇತಿಹಾಸ, ಒಂಬತ್ತನೆಯವರಿಗೆ ಭೂಗೋಳ, ಹನ್ನೊಂದನೆಯವರಿಗೆ ಮತ್ತೆ ಇತಿಹಾಸ. ಮಂಗಳೂರಿನ ಹೆಂಗಸು ಜರ್ಮನಿಯಲ್ಲಿ ಕುಳಿತು ಕೊರಿಯಾದ, ಟೆಕ್ಸಸ್‌ನ, ಪುಣೆಯ ಮಕ್ಕಳಿಗೆ ಅಮೆರಿಕವನ್ನು ಕಲಿಸುವುದು ವಿಚಿತ್ರವೆಂದು ಎಲ್ಲರೂ ನಗುತ್ತಿದ್ದರು. ನನಗೆ ವಿಚಿತ್ರವೆನಿಸಲಿಲ್ಲ. ಆ ನಕ್ಷೆ ನನ್ನ ಮನೆಯದು. ಇಳಾಳನ್ನೂ ಅದೇ ಶಾಲೆಗೆ ಸೇರಿಸಿಕೊಂಡೆ. ತರಗತಿಯಲ್ಲಿ ಅವಳು ನನ್ನನ್ನು ಮಿಸೆಸ್ ರಾವ್ ಎನ್ನುತ್ತಿದ್ದಳು. ಹಾಗೆ ಹೇಳಿಕೊಟ್ಟವಳು ನಾನು.

ಬೊಬ್ಲಿಂಗೆನ್ ನನಗೆ ಮೊದಲ ದಿನವೇ ಒಗ್ಗಿತು. ಆ ಕಡೆಯ ಮನೆಗಳಲ್ಲಿ ಕೇರ್‌ವೋಖೆ ಎಂದು ಒಂದು ಪದ್ಧತಿ: ವಾರಕ್ಕೊಂದು ಮನೆಯವರು ಮೆಟ್ಟಿಲು ಗುಡಿಸಿ ಒರೆಸಬೇಕು. ಸರದಿ ಯಾರದೋ ಅವರ ಬಾಗಿಲ ಹಿಡಿಗೆ ಒಂದು ಸಣ್ಣ ಹಲಗೆ ನೇತುಹಾಕಿರುತ್ತಾರೆ. ಕೆಲಸ ಮುಗಿಸಿ ಮುಂದಿನ ಬಾಗಿಲಿಗೆ ದಾಟಿಸಬೇಕು. ಆ ಹಲಗೆ ಮೊದಲ ಸಲ ನಮ್ಮ ಬಾಗಿಲಿಗೆ ಬಂದಾಗ ಉಳಿದ ಭಾರತೀಯರು ಗೊಣಗುತ್ತಿದ್ದರೆ ನನಗೆ ಒಳಗೊಳಗೇ ಖುಷಿಯಾಯಿತು. ಕೆಳಗಿನ ಮನೆಯ ಫ್ರೌ ಕೆಸ್ಲರ್ ಮಾತ್ರ ಮೂಲೆಗಳನ್ನು ಬಿಟ್ಟು ಗುಡಿಸುತ್ತಿದ್ದರು. ಗಂಡ ತೀರಿಕೊಂಡ, ಅಂಚೆ ಕಚೇರಿಯಿಂದ ನಿವೃತ್ತರಾದ ಹೆಂಗಸು. ಕಸಬರಿಗೆ ಗೋಡೆಗೆ ಒರಗಿಸಿ ಇಳಾ ಜೊತೆ ಮೆಟ್ಟಿಲ ಮೇಲೆ ಕುಳಿತು ಹರಟುತ್ತಿದ್ದರು. ಅವರನ್ನು ನಾನು ಸೋಮಾರಿಯೆಂದು ತೀರ್ಮಾನಿಸಿಬಿಟ್ಟಿದ್ದೆ.

ನಮ್ಮ ಮನೆಯಲ್ಲೂ ಏಳಕ್ಕೆ ಊಟ. ನಿಯಮವೂ ಇತ್ತು: ಏಳರಿಂದ ಏಳೂವರೆಯವರೆಗೆ ಕನ್ನಡ ಮಾತ್ರ. ಇಲ್ಲಿ ನಾನು ಮೋಸಹೋದೆ. ಅಪ್ಪ ಕನ್ನಡವನ್ನು ಹೊರಹಾಕಿದ್ದರು, ನಾನು ಒಳಗೆ ಕರೆಯುತ್ತಿದ್ದೇನೆ. ಅಪ್ಪನ ತಪ್ಪನ್ನು ತಿದ್ದುತ್ತಿದ್ದೇನೆ, ಅಮ್ಮನಿಗೆ ಋಣ ತೀರಿಸುತ್ತಿದ್ದೇನೆ ಎಂದು ನಂಬಿದ್ದೆ. ಬಿಲ್ಲೆ ಇರಲಿಲ್ಲ, ಮಜ್ಜಿಗೆಯನ್ನು ಯಾರಿಂದಲೂ ಕಿತ್ತುಕೊಳ್ಳುತ್ತಿರಲಿಲ್ಲ. ಜರ್ಮನ್ ಅಥವಾ ಇಂಗ್ಲಿಷ್ ಬಂದರೆ ನಾನು ಕೇಳಿಸಿಕೊಳ್ಳುತ್ತಿರಲಿಲ್ಲ, ಅಷ್ಟೆ. “ಕನ್ನಡದಲ್ಲಿ ಹೇಳು” ಎನ್ನುತ್ತಿದ್ದೆ. ಹೇಳಿದರೆ ಸರಿ. ಹೇಳದಿದ್ದರೆ ಆ ಮಾತು ಆಗಿಯೇ ಇಲ್ಲ. ಶ್ರೀಧರ ಆಗಾಗ ಇಳಾ ಪರ ವಕಾಲತ್ತು ಮಾಡುತ್ತಿದ್ದ.

“ಅವಳ ಡೇ ಪೂರ್ತಿ ಇಂಗ್ಲಿಷ್, ಜರ್ಮನ್‌ನಲ್ಲಿ ಆಗ್ತದೆ ಮಾರಾಯ್ತಿ. ಅದನ್ನ ಟ್ರಾನ್ಸ್‌ಲೇಟ್ ಮಾಡುವಷ್ಟರಲ್ಲಿ ಸಾಂಬಾರ್ ತಣ್ಣಗಾಗ್ತದೆ.”

“ತಣ್ಣಗಾದ್ರೆ ಬಿಸಿ ಮಾಡಿಕೊಡ್ತೇನೆ.”

“ಸಾಂಬಾರಲ್ಲ ನಾನು ಹೇಳಿದ್ದು.”

ಇಳಾ ಎಂಟನೇ ತರಗತಿಗೆ ಬಂದ ವರ್ಷ, ಅವಳಿಗೆ ಹದಿಮೂರು. ಆ ಚಳಿಗಾಲದ ಒಂದು ಪಾಠ ಅಮೆರಿಕದ ಮೂಲನಿವಾಸಿಗಳ ಮಕ್ಕಳಿಗಾಗಿ ನಡೆಸಿದ ವಸತಿ ಶಾಲೆಗಳ ಬಗ್ಗೆ. ಅಲ್ಲಿನ ಬಯಲುನಾಡಿನ ಬುಡಕಟ್ಟುಗಳ ಮಕ್ಕಳನ್ನು ರೈಲು ಹತ್ತಿಸಿ ದೂರ ಕರೆದೊಯ್ದದ್ದು, ಕೂದಲು ಕತ್ತರಿಸಿದ್ದು, ಬೋರ್ಡಿನ ಮೇಲಿನ ಪಟ್ಟಿಯಿಂದ ಹೊಸ ಹೆಸರು ಆರಿಸಿಕೊಳ್ಳಲು ಹೇಳಿದ್ದು, ಗಂಟೆ ಹೊಡೆದಾಗ ಏಳುವುದು, ಗಂಟೆ ಹೊಡೆದಾಗ ಉಣ್ಣುವುದು, ಮನೆಮಾತು ಆಡಿದರೆ ಶಿಕ್ಷೆ. ಈ ಪಾಠವನ್ನು ನಾನು ಬಹಳ ಚೆನ್ನಾಗಿ ಮಾಡುತ್ತಿದ್ದೆ. ಬಂದ ದಿನದ ಫೋಟೋ, ವರ್ಷದ ನಂತರದ ಫೋಟೋ ಎರಡನ್ನೂ ಪಕ್ಕಪಕ್ಕ ಇಡುತ್ತಿದ್ದೆ. ಹೇಲಿ ಎಂಬ ಹುಡುಗಿ ಕೈಯೆತ್ತಿ, ಆ ಶಾಲೆ ನಡೆಸಿದವರು ಕೆಟ್ಟವರೇ ಎಂದು ಕೇಳಿದಳು. ಅಲ್ಲ, ಅವರು ಸಮಯಕ್ಕೆ ಸರಿಯಾಗಿ ಕೆಲಸ ಮಾಡುವ ಜನ, ತಾವು ಒಳ್ಳೆಯದನ್ನೇ ಮಾಡುತ್ತಿದ್ದೇವೆಂದು ತಿಳಿದವರು, ಎಂದು ಉತ್ತರಿಸಿದೆ. ಹೇಳುವಾಗ ಮನಸ್ಸಿನಲ್ಲಿ ಅಪ್ಪ ಇದ್ದರು. ಎರಡನೇ ಸಾಲಿನಲ್ಲಿ ಕುಳಿತ ಇಳಾ ನನ್ನನ್ನೇ ನೋಡುತ್ತಿದ್ದಳು. ಪಾಠದಲ್ಲಿ ಮಗ್ನಳಾಗಿದ್ದಾಳೆಂದು ಸಂತೋಷಪಟ್ಟೆ. ಮನೆಗೆಲಸ ಕೊಟ್ಟೆ: ನಿಮ್ಮ ಮನೆಯ ಒಂದು ನಿಯಮದ ಬಗ್ಗೆ ಎರಡು ಪುಟ ಬರೆಯಿರಿ, ಯಾರು ಮಾಡಿದ್ದು, ಯಾರಿಗೆ ಅನ್ವಯ, ಅದರಿಂದ ಏನಾಯಿತು.

ಭಾನುವಾರ ಹತ್ತರಿಂದ ಹನ್ನೆರಡು ನಾನು ಉತ್ತರಗಳನ್ನು ತಿದ್ದುವ ಸಮಯ. ಇಳಾ ಗೆಳತಿಯ ಮನೆಗೆ ಹೋಗಿದ್ದಳು. ಕಟ್ಟಿನಲ್ಲಿ ಹನ್ನೊಂದನೆಯದು ಅವಳದು. ನಮ್ಮ ಏಳು ಗಂಟೆಯ ಊಟದ ಬಗ್ಗೆ ಬರೆದಿದ್ದಳು. ಅಕ್ಟೋಬರಿನಲ್ಲಿ ಒಂದು ವಾರ, ನಾನು ಕೆಲಸಕ್ಕೆಂದು ಶಾಲೆಯಲ್ಲೇ ಉಳಿಯುತ್ತಿದ್ದಾಗ, ಅವಳೊಬ್ಬಳೇ ಎಸ್-ಬಾನ್ ರೈಲಿನಿಂದ ಇಳಿದು ಬರುವಾಗ ನಿಲ್ದಾಣದ ಕೆಳಗಿನ ಉಂಟರ್‌ಫ್ಯೂರುಂಗ್‌ನಲ್ಲಿ ಒಬ್ಬ ಮನುಷ್ಯ ಅವಳ ಹಿಂದೆ ನಡೆಯುತ್ತಿದ್ದನಂತೆ. ಅವಳು ನಿಂತರೆ ನಿಲ್ಲುವುದು, ಬೇಗ ನಡೆದರೆ ಬೇಗ ನಡೆಯುವುದು. ಮೂರನೇ ದಿನ ಊಟದ ಮೇಜಿನಲ್ಲಿ ಅಮ್ಮನಿಗೆ ಹೇಳಲು ಶುರು ಮಾಡಿದಳಂತೆ, ಜರ್ಮನ್‌ನಲ್ಲಿ, ಏಕೆಂದರೆ ಅದು ನಡೆದದ್ದು ಜರ್ಮನ್‌ನಲ್ಲಿ. ಕನ್ನಡದಲ್ಲಿ ಹೇಳು ಎಂದು ಅಮ್ಮ ಅಂದಳಂತೆ. ನೆಲದಡಿಯ ಆ ದಾರಿಗೆ ಕನ್ನಡದಲ್ಲಿ ಏನೆನ್ನುತ್ತಾರೆಂದು ಅವಳಿಗೆ ತಿಳಿಯಲಿಲ್ಲ. ಸುರಂಗ ಎಂದು ನಾನು ಬರೆಯುತ್ತೇನೆ, ಸರಿಯಾದ ಮಾತು ನನಗೂ ತಿಳಿದಿಲ್ಲ, ಈಗಲೂ. ಏನಿಲ್ಲ ಎಂದು ಹೇಳಿ ಮಜ್ಜಿಗೆ ಅನ್ನ ಉಂಡು ಎದ್ದಳು. ಮರುದಿನ ಕೆಳಗಿನ ಮನೆಯ ಫ್ರೌ ಕೆಸ್ಲರ್‌ಗೆ ಹೇಳಿದಳು. ಅವರು ಅಂದಿನಿಂದ ಮೂರು ವಾರ ದಿನಾ ನಿಲ್ದಾಣಕ್ಕೆ ಬಂದು ಅವಳನ್ನು ಕರೆತಂದರು. ಆ ಮನುಷ್ಯ ಮತ್ತೆ ಕಾಣಿಸಲಿಲ್ಲ. ಬರಹದ ಕೊನೆಯ ವಾಕ್ಯ: ಈ ನಿಯಮ ಮಾಡಿದವರು ಕೆಟ್ಟವರಲ್ಲ, ಅವರು ಸಮಯಕ್ಕೆ ಸರಿಯಾಗಿ ಕೆಲಸ ಮಾಡುವ ಜನ.

ಓದಿದ ಮೇಲೆ ನಾನು ಮಾಡಿದ್ದನ್ನು ಮುಚ್ಚಿಡದೆ ಬರೆಯುತ್ತೇನೆ. ಕೋಟು ಹಾಕಿಕೊಂಡು ನಿಲ್ದಾಣಕ್ಕೆ ಹೋದೆ. ಆ ಸುರಂಗದಲ್ಲಿ ಈ ತುದಿಯಿಂದ ಆ ತುದಿಗೆ ಎರಡು ಸಲ ನಡೆದೆ, ಇಳಾ ಹೆಜ್ಜೆಯ ಅಳತೆಯಲ್ಲಿ. ನಡುವೆ ಒಂದು ದೀಪ ಕೆಟ್ಟಿತ್ತು. ಮನೆಗೆ ಬಂದು ಕೆಟ್ಟ ದೀಪದ ಬಗ್ಗೆ ನಗರಸಭೆಗೆ ಪತ್ರ ಬರೆದೆ. ಇಳಾ ಸಂಜೆ ಬಂದಳು. ಅವಳನ್ನು ಹಿಡಿದು ಕೂರಿಸಿಕೊಳ್ಳಬೇಕು ಎನಿಸಿತು. ಆದರೆ ಮಾತು ಎತ್ತಿದರೆ ಬರಹ ಓದಿದ್ದೇನೆಂದು ಗೊತ್ತಾಗುತ್ತದೆ. ಉಳಿದ ಮಕ್ಕಳ ಉತ್ತರಪತ್ರಿಕೆ ಸೋಮವಾರ ಮೂರನೇ ಪೀರಿಯಡ್‌ನಲ್ಲಿ ಸಿಗುವಾಗ ಟೀಚರ ಮಗಳಿಗೆ ಒಂದು ದಿನ ಮೊದಲು ತಿಳಿಯುವುದು ಸರಿಯಲ್ಲ. ಹಾಗೆ ಯೋಚಿಸಿದೆ. ಸೋಮವಾರ ಊಟ ಮುಗಿದ ಮೇಲೆ, ಏಳೂವರೆಗೆ, ಯಾವ ಭಾಷೆಯೂ ನಡೆಯುವ ಸಮಯದಲ್ಲಿ ಮಾತಾಡುವುದೆಂದು ಗೊತ್ತುಮಾಡಿದೆ. ಅವಳ ಬರಹಕ್ಕೆ ಉಳಿದವರಿಗೆ ಹಾಕಿದ ಅಳತೆಯನ್ನೇ ಹಾಕಿ ಇಪ್ಪತ್ತಕ್ಕೆ ಹದಿನೆಂಟು ಕೊಟ್ಟೆ. ಅಂಚಿನಲ್ಲಿ ಬರೆದೆ: ವಿವರಣೆ ಸ್ಪಷ್ಟವಾಗಿದೆ. ನಿಯಮದ ಉದ್ದೇಶವನ್ನೂ ಬರೆಯಬೇಕಿತ್ತು.

ಸೋಮವಾರ ಸಂಜೆ ಏಳಕ್ಕೆ ಮೂವರೂ ಕುಳಿತೆವು. ಇಳಾ ತುತ್ತು ಕಲಸಲಿಲ್ಲ. ಬೆರಳನ್ನು ತಟ್ಟೆಯ ಅಂಚಿಗೆ ಇಟ್ಟು, ನನ್ನ ಕಣ್ಣನ್ನೇ ನೋಡುತ್ತ ಜರ್ಮನ್‌ನಲ್ಲಿ ಕೇಳಿದಳು, ನೀನು ಅದನ್ನು ಪೂರ್ತಿ ಓದಿದೆಯಾ, ಪೂರ್ತಿ ಓದಿ ಆಮೇಲೆ ಅಂಕ ಹಾಕಿದೆಯಾ ಎಂದು. ದನಿ ಎತ್ತರಿಸಲಿಲ್ಲ. ಪ್ರತಿ ಶಬ್ದವೂ ನನಗೆ ಅರ್ಥವಾಯಿತು. ಉತ್ತರವೂ ಬಾಯಲ್ಲೇ ಇತ್ತು. ನಿನ್ನೆಯಿಂದ ಅದನ್ನೇ ಮನಸ್ಸಿನಲ್ಲಿ ಜೋಡಿಸುತ್ತಿದ್ದೆ. ಗಡಿಯಾರದಲ್ಲಿ ಏಳು ಹತ್ತು. ನನ್ನ ಬಾಯಿಂದ ಬಂದದ್ದು ಬೇರೆ.

“ಕನ್ನಡದಲ್ಲಿ ಹೇಳು.”

ಶ್ರೀಧರ ನೀರಿನ ಲೋಟ ಕೆಳಗಿಟ್ಟ. ಅವನಿಗೆ ಸುರಂಗದ ವಿಷಯ ಇನ್ನೂ ಗೊತ್ತಿರಲಿಲ್ಲ, ಆದರೂ ಮಗಳ ಮುಖ ನೋಡಿದ್ದ.

“ಎಂತ ಹೇಳ್ತಿದ್ದೀ ನೀನು? ಸ್ಟಾಪ್ ಇಟ್ ಮಾರಾಯ್ತಿ. ಜಸ್ಟ್ ಲಿಸನ್ ಟು ಹರ್.”

“ಅಲ್ಲ, ನಾನು... ಇಳಾ, ಹೇಳು. ಹೇಗಾದ್ರೂ ಹೇಳು.”

“ಇಟ್ಸ್ ಓಕೆ, ಮಿಸೆಸ್ ರಾವ್.”

ಇಳಾ ಎದ್ದಳು. ತಟ್ಟೆಯಲ್ಲಿದ್ದ ಅನ್ನವನ್ನು ಹಸಿ ಕಸದ ಡಬ್ಬಿಗೆ ಸುರಿದು, ತಟ್ಟೆಯನ್ನು ತೊಳೆದು, ಡಿಶ್‌ವಾಷರಿನಲ್ಲಿ ಅದರ ಜಾಗದಲ್ಲೇ ಇಟ್ಟಳು. ಕುರ್ಚಿಯನ್ನು ಸದ್ದಾಗದಂತೆ ಒಳಗೆ ತಳ್ಳಿದಳು. ನಾನು ಕಲಿಸಿದ್ದರಲ್ಲಿ ಒಂದನ್ನೂ ಅವಳು ಮರೆತಿರಲಿಲ್ಲ.

ಆಮೇಲೆ ಏನೆಲ್ಲ ಪ್ರಯತ್ನ ಮಾಡಿದೆ ಎಂದು ಬರೆದರೆ ಅದೊಂದು ಪಟ್ಟಿಯಾಗುತ್ತದೆ. ನಿಯಮ ತೆಗೆದೆ. ಕ್ಷಮೆ ಕೇಳಿದೆ, ಮೂರು ಭಾಷೆಗಳಲ್ಲಿ. ಅವಳು ಸಿಟ್ಟು ಮಾಡಲಿಲ್ಲ, ಬಾಗಿಲು ಬಡಿಯಲಿಲ್ಲ. ಕೇಳಿದರೆ ಉತ್ತರ, ಇಲ್ಲದಿದ್ದರೆ ಇಲ್ಲ. ತಟ್ಟೆ ತೆಗೆದುಕೊಂಡು ತನ್ನ ಕೋಣೆಗೆ ಹೋಗುತ್ತಿದ್ದಳು. ಅದೇ ವಸಂತದಲ್ಲಿ ಶ್ರೀಧರನಿಗೆ ಮ್ಯೂನಿಕ್ ಪಕ್ಕದ ನೊಯ್‌ಬಿಬರ್ಗ್‌ನಲ್ಲಿ ಕಂಪ್ಯೂಟರ್ ಚಿಪ್ ತಯಾರಿಸುವವರ ಕಡೆ ಕೆಲಸ ಸಿಕ್ಕಿತು. ಬ್ಲೂ ಕಾರ್ಡ್ ಹೋಗಿ ಕಾಯಂ ವಾಸದ ಪತ್ರ ಬಂದಿತ್ತು, ಯಾರನ್ನೂ ಕೇಳದೆ ಕೆಲಸ ಬದಲಿಸಬಹುದಿತ್ತು. ನನ್ನ ಒಪ್ಪಂದ ಇನ್ನೂ ಎರಡು ವರ್ಷ ಬಾಕಿ. ಇಳಾ ಎಲ್ಲಿರುತ್ತಾಳೆ ಎಂಬ ಪ್ರಶ್ನೆಯನ್ನು ನಾವು ಅವಳಿಗೇ ಬಿಟ್ಟೆವು. ಅವಳು ಅಪ್ಪನ ಕಡೆ ನೋಡಿ, ಮ್ಯೂನಿಕ್‌ನಲ್ಲಿ ಗಿಮ್ನಾಸಿಯುಮ್, ಅಂದರೆ ಜರ್ಮನ್ ಹೈಸ್ಕೂಲು, ಹುಡುಕೋಣ ಎಂದಳು. ಆ ಶಾಲಾವರ್ಷದ ಕೊನೆಯ ದಿನದವರೆಗೂ ನನ್ನ ತರಗತಿಯ ಎರಡನೇ ಸಾಲಿನಲ್ಲೇ ಕುಳಿತು ಎಲ್ಲ ಉತ್ತರಗಳನ್ನೂ ಸರಿಯಾಗಿ ಬರೆದಳು.

ಅವರಿಬ್ಬರೂ ಹೊರಟುಹೋದ ವಾರ ಮೆಟ್ಟಿಲ ಸರದಿ ನನ್ನದು. ಗುಡಿಸುತ್ತ ಕೆಳಗಿಳಿದಾಗ ಫ್ರೌ ಕೆಸ್ಲರ್ ಬಾಗಿಲಲ್ಲಿ ನಿಂತಿದ್ದರು. ಅಕ್ಟೋಬರಿನ ಆ ಮೂರು ವಾರಗಳಿಗಾಗಿ ಧನ್ಯವಾದ ಹೇಳಬೇಕಿತ್ತು ಎಂದೆ. ಅವರಿಗೆ ಆಶ್ಚರ್ಯವಾಯಿತು.

“ನೀವು ಆಗಲೇ ಹೇಳಿದ್ದೀರಲ್ಲ? ಪ್ರತಿ ಶುಕ್ರವಾರ ಇಳಾ ನನ್ನ ಕೈ ಕುಲುಕಿ, ಅಮ್ಮ ಧನ್ಯವಾದ ಹೇಳಿದ್ದಾಳೆ ಅನ್ನುತ್ತಿದ್ದಳು. ಶಾಲೆಯ ಕೆಲಸದಿಂದ ನಿಮಗೆ ಬರಲು ಆಗುವುದಿಲ್ಲ, ತುಂಬ ಬೇಸರ ಮಾಡಿಕೊಂಡಿದ್ದೀರಿ ಅಂತಲೂ ಹೇಳಿದಳು.”

ನಾನು ಹೌದು ಎಂದೆ. ಮೆಟ್ಟಿಲನ್ನು ಮೇಲಿನಿಂದ ಮತ್ತೊಮ್ಮೆ ಒರೆಸಿದೆ. ಆ ದಿನ ಅದಕ್ಕಿಂತ ಬೇರೆ ಏನು ಮಾಡಬೇಕೆಂದು ತೋಚಲಿಲ್ಲ.

ಶಾಲೆಯ ಒಪ್ಪಂದ ಮುಗಿಸಿ ನಾನೂ ನೊಯ್‌ಬಿಬರ್ಗ್‌ಗೆ ಹೋದಾಗ ಇಳಾ ಹದಿನಾರರ ಹುಡುಗಿ. ಮನೆಯಲ್ಲಿ ಅವಳಿಗೂ ಶ್ರೀಧರನಿಗೂ ಒಂದು ಮಾತಿನ ಕ್ರಮ ಬೆಳೆದಿತ್ತು. ಅರ್ಧ ಜರ್ಮನ್, ಅರ್ಧ ಇಂಗ್ಲಿಷ್, ನಡುನಡುವೆ ಉಡುಪಿಯ “ಎಂತ ಸಾವು ಮಾರಾಯ” ಕೂಡ. ನಾನು ಅಡುಗೆಮನೆಗೆ ಕಾಲಿಟ್ಟರೆ ಅದು ನಿಲ್ಲುತ್ತಿರಲಿಲ್ಲ, ಸ್ವಲ್ಪ ತಗ್ಗುತ್ತಿತ್ತು. ಈಗ ಅವಳು ಬಾನ್ ನಗರದಲ್ಲಿ ಓದುತ್ತಿದ್ದಾಳೆ, ಮೂವರು ಹುಡುಗಿಯರು ಸೇರಿ ಬಾಡಿಗೆಗೆ ಹಿಡಿದ ಮನೆಯಲ್ಲಿದ್ದಾಳೆ. ನಾನು ನಿವೃತ್ತಳಾದ ಮೇಲೆ ಜರ್ಮನ್ ತರಗತಿಗೆ ಸೇರಿದೆ. ಒಂದು ದಿನವೂ ತಪ್ಪಿಸಲಿಲ್ಲ, ಪರೀಕ್ಷೆಯಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ ಬಂತು. ಕೊಳ್ಳುವ ಸಾಮಾನಿಗೆ, ಅರ್ಜಿ ತುಂಬಲಿಕ್ಕೆ ಬೇಕಾದಷ್ಟು ಜರ್ಮನ್ ನನಗೆ ಮೊದಲೇ ಬರುತ್ತಿತ್ತು. ಇದು ಬೇರೆ ಕಾರಣಕ್ಕೆ ಕಲಿತದ್ದು.

ಕಳೆದ ಶರತ್ಕಾಲದ ಒಂದು ಭಾನುವಾರ ಬಾನ್‌ಗೆ ಹೋದೆ. ಇಳಾ ಅಡುಗೆ ಮಾಡಿದ್ದಳು: ಅನ್ನ, ಟೊಮೆಟೊ ಸಾರು, ಹುರಿದ ಕುಂಬಳಕಾಯಿ. ಉಳಿದ ಹುಡುಗಿಯರು ಹೊರಗೆ ಹೋಗಿದ್ದರು. ಕಿಟಕಿಯ ಹತ್ತಿರ ಒಂದು ಸಣ್ಣ ಮೇಜು, ನಾವಿಬ್ಬರೇ. ರೈಲಿನಲ್ಲಿ ಐದು ಗಂಟೆ ಬಾಯಿಪಾಠ ಮಾಡಿಕೊಂಡ ವಾಕ್ಯವನ್ನು ಜರ್ಮನ್‌ನಲ್ಲಿ ಹೇಳಿದೆ. ಆ ಸುರಂಗದಲ್ಲಿ ಏನಾಯಿತೆಂದು ನನಗೆ ಹೇಳು, ಮೊದಲಿನಿಂದ ಕೊನೆಯವರೆಗೆ, ನಾನು ನಡುವೆ ಮಾತಾಡುವುದಿಲ್ಲ ಎಂದು. ವಾಕ್ಯ ತಪ್ಪಿಲ್ಲದೆ ಬಂತು. ಇಳಾ ಸೌಟು ಕೆಳಗಿಟ್ಟು ನನ್ನ ಕಡೆ ತಿರುಗಿದಳು. ಅವಳ ಮುಖದಲ್ಲಿ ಸಿಟ್ಟಿನ ಗುರುತೂ ಇರಲಿಲ್ಲ. ಇದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅವಳು ಇಂಗ್ಲಿಷ್‌ನಲ್ಲಿ, ಮೆಲ್ಲನೆ, ಚಿಕ್ಕ ಮಕ್ಕಳಿಗೆ ಹೇಳುವ ಹಾಗೆ ಹೇಳಿದಳು, ಅದನ್ನು ಆಗಲೇ ಫ್ರೌ ಕೆಸ್ಲರ್‌ಗೆ ಹೇಳಿ ಮುಗಿಸಿದ್ದೇನೆ, ಈಗ ಅದರಲ್ಲಿ ಹೇಳುವಂಥದ್ದು ಏನೂ ಉಳಿದಿಲ್ಲ ಎಂದು. ಆಮೇಲೆ, ಇನ್ನೂ ಸ್ವಲ್ಪ ಸಾರು ಬಡಿಸಲೇ ಎಂದು ಕೇಳಿದಳು. ಬಡಿಸಿಕೊಂಡೆ.

ಊಟವಾದ ಮೇಲೆ ತಟ್ಟೆಗಳನ್ನು ತೊಳೆಯಲು ಎದ್ದೆ. ಇಳಾ ನನ್ನ ಕೈಯಿಂದ ಅವನ್ನು ತೆಗೆದುಕೊಂಡಳು. ಆ ಮನೆಯಲ್ಲಿ ಅತಿಥಿಗಳು ಪಾತ್ರೆ ತೊಳೆಯುವ ಪದ್ಧತಿ ಇಲ್ಲವಂತೆ.